ಅಳಿಲಿನ ದನಿಯ ಹಿಂದೆ ಹೋದ ನಾಗೇಂದ್ರಪ್ಪ

ನಮ್ಮ ಬೀದಿಯ ನಾಗೇಂದ್ರಪ್ಪನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ಅಳು. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಅವನ ಮನೆಯದೂ ನನ್ನ ಮನೆಯದೂ ಒಂದೇ ಗೋಡೆ. ಅವನ ಮಗ್ಗ ನಿಂತರೆ ನನಗೆ ಗೊತ್ತಾಗುತ್ತದೆ, ಅವರ ಒಲೆಯ ಮೇಲೆ ಹಾಲು ಉಕ್ಕಿದರೂ ಗೊತ್ತಾಗುತ್ತದೆ. ನನ್ನ ಕೆಲಸ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು. ಕೈಗೆ ಬಿಡುವಿಲ್ಲದಿದ್ದರೂ ಕಿವಿ ಬಿಡುವಾಗಿಯೇ ಇರುತ್ತದೆ. ಹಾಗಾಗಿ ಆ ಮನೆಯಲ್ಲಿ ನಡೆದದ್ದರಲ್ಲಿ ನನಗೆ ತಿಳಿಯದ್ದು ಕಡಿಮೆ.

ನಾಗೇಂದ್ರಪ್ಪ ಒಳ್ಳೆಯ ನೇಕಾರ. ಸೆರಗಿನಲ್ಲಿ ಅವನು ನೇಯ್ದ ನವಿಲನ್ನು ಕಂಡರೆ ಒಂದು ಹಿಡಿ ಕಾಳು ಹಾಕೋಣ ಅನ್ನಿಸುತ್ತದೆ. ಆದರೆ ಮಾತಿನಲ್ಲಿ ಬಲು ಜಿಪುಣ. ಚಹಾ ಬೇಕಾ ಎಂದರೆ ತಲೆ ಅಲ್ಲಾಡಿಸುತ್ತಾನೆ, ಅದು ಹೌದೋ ಅಲ್ಲವೋ ಎಂದು ಕೇಳಿದವರೇ ತೀರ್ಮಾನ ಮಾಡಿಕೊಳ್ಳಬೇಕು. ಮನೆಮಾತು ತೆಲುಗು, ಬೀದಿಮಾತು ಕನ್ನಡ. ಎರಡರಲ್ಲೂ ಅವನು ಮೂಗನೇ. ಇಂಥವನ ಹೆಂಡತಿಯಾಗಿ ಬಂದವಳು ಚಳ್ಳಕೆರೆಯ ಜ್ಯೋತಿಲಕ್ಷ್ಮಿ. ಅವಳ ಬಾಯಿಗೆ ಬೀಗವೇ ಇರಲಿಲ್ಲ.

ಜ್ಯೋತಿ ಎಣ್ಣೆ ಮಿಲ್ಲಿನ ಪಕ್ಕದ ಮನೆಯಲ್ಲಿ ಬೆಳೆದವಳು. ಅವಳ ಸೋದರಮಾವ ಕಾಮಣ್ಣ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಚಿಕ್ಕಂದಿನಲ್ಲಿ ಅವನ ಜೊತೆ ಹೋಗಿ ಪರದೆಯ ಹಿಂದೆ ನಿಂತು ಕೂಸು ಅಳುವುದು, ಗಿಳಿ ಮಾತಾಡುವುದು, ಬೆಕ್ಕು ಜಗಳವಾಡುವುದು ಎಲ್ಲಾ ಇವಳೇ ಮಾಡುತ್ತಿದ್ದಳಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ನನ್ನ ದನಿಯಲ್ಲೇ ನನ್ನ ಗಂಡನನ್ನು ಕೂಗಿ ಅಂಗಡಿಗೆ ಓಡಿಸಿದಳು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಬೆಲ್ಲ ತಂದು ಎದುರಿಗೆ ಹಿಡಿದ ಗಂಡನನ್ನು ಕಂಡು, ಇವನಿಗೇನು ಬುದ್ಧಿ ಕೆಟ್ಟಿತೇ ಅಂದುಕೊಂಡೆ. ಆವತ್ತಿನಿಂದ ನಾವಿಬ್ಬರೂ ಗೆಳತಿಯರು.

ಅವಳಿಗೆ ಬಾರದಿದ್ದದ್ದು ತೆಲುಗು ಒಂದೇ. ಅತ್ತೆ ಯರ್ರಮ್ಮನ ಜೊತೆ ತೆಲುಗು ಮಾತಾಡಲು ಹೋಗಿ ನೀರು ಕೇಳುವ ಕಡೆ ಬೆಂಕಿ ಕೇಳುತ್ತಿದ್ದಳು. ಯರ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮಗ್ಗದ ಗುಂಡಿಯಲ್ಲಿ ಕೂತ ನಾಗೇಂದ್ರಪ್ಪ ತಲೆ ಎತ್ತದೆಯೇ ಮುಗುಳ್ನಗುತ್ತಿದ್ದ. ಆ ಮನೆಯಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಆ ಒಂದೆರಡು ವರ್ಷ ಮಾತ್ರ. ಭಾನುವಾರ ಹೆಂಡತಿಯನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹಳೆಯ ಶಾಸನದ ಬಂಡೆಯಿರುವ ಸಿದ್ದಾಪುರದ ಕಡೆ ಹೋಗುತ್ತಿದ್ದ. ಬರುವಾಗ ಇಬ್ಬರ ಮುಖವೂ ಬಿಸಿಲಿಗೆ ಕೆಂಪಾಗಿರುತ್ತಿತ್ತು. ಏನು ಮಾಡಿದಿರಿ ಅಲ್ಲಿ ಎಂದು ನಾನು ಕಾಡಿದರೆ, "ಆ ಬಂಡೆ ಮುಂದೆ ನಿಂತ್ಕೊಂಡು ಬಂಡೆ ಮಾತಾಡ್ದಂಗೆ ಮಾತಾಡ್ದೆ ಕಣಕ್ಕಾ, ಕಾವಲಿನೋನು ಗಾಬರಿ ಆಗ್ಬಿಟ್ಟ" ಅನ್ನುತ್ತಿದ್ದಳು.

ಮದುವೆಯಾದ ವರ್ಷವೇ ಕಾಮಣ್ಣನಿಂದ ಕರೆ ಬಂತು. ನಾಟಕ ಕಂಪನಿ ಮುಚ್ಚಿ ಅವನು ಬೆಂಗಳೂರಿನ ಯಾವುದೋ ಸಣ್ಣ ಸ್ಟುಡಿಯೊ ಸೇರಿದ್ದ. ‘ತೋಪಿನ ಚಿಂಕಿ’ ಎಂಬ ಕಾರ್ಟೂನ್ ಧಾರಾವಾಹಿಗೆ ಕನ್ನಡದಲ್ಲಿ ದನಿ ಕೊಡಿಸುತ್ತಿದ್ದರು. ಚಿಂಕಿ ಎಂದರೆ ಒಂದು ತುಂಟ ಅಳಿಲು. ಅದಕ್ಕೆ ಮಗುವಿನಂಥ ದನಿ ಬೇಕಿತ್ತು. ಹೊಸ ಸೊಸೆ ಬೆಂಗಳೂರಿಗೆ ಹೋಗಿ ಅಳಿಲಿನ ಹಾಗೆ ಮಾತಾಡುವುದೇ ಎಂದು ಯರ್ರಮ್ಮ ಮುಖ ಊದಿಸಿಕೊಂಡಳು. ನಾಗೇಂದ್ರಪ್ಪ ಲಾಳಿ ಕೆಳಗಿಟ್ಟು, "ಪೋನೀ ಅಮ್ಮಾ, ಪೋಯಿ ರಾನೀ," ಹೋಗಿ ಬರಲಿ ಬಿಡು, ಅಂದ. ತಾಯಿಗೆ ಎದುರಾಗಿ ಅವನು ಆಡಿದ ಮೊದಲ ಮಾತು ಅದೇ ಇರಬೇಕು. ಜ್ಯೋತಿ ಹೋಗಿ, ತಿಂಗಳೊಪ್ಪತ್ತು ಮಾವನ ಮನೆಯಲ್ಲಿದ್ದು, ಕೆಲಸ ಮುಗಿಸಿ ಬಂದಳು.

ಮುಂದೆ ಭಾನುವಾರದ ಬೆಳಿಗ್ಗೆಗಳಲ್ಲಿ ಅದು ಟಿವಿಯಲ್ಲಿ ಬಂತು. ಆಗ ಬೀದಿಯಲ್ಲಿ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ. ಮಕ್ಕಳು ಮರಿಯೆಲ್ಲಾ ನೆಲದ ಮೇಲೆ, ದೊಡ್ಡವರು ಬಾಗಿಲಲ್ಲಿ. ಯರ್ರಮ್ಮ ಮಾತ್ರ ಹಟ ಹಿಡಿದು ಬರಲಿಲ್ಲ. ಅಳಿಲು ಕೊಂಬೆಯಿಂದ ಕೊಂಬೆಗೆ ಹಾರುವ ಮುಂಚೆ "ನಡೀರ್ಲೇ ಹೋಗಾನ!" ಅಂತ ಕೂಗುತ್ತಿತ್ತು. ಅದು ಅಪ್ಪಟ ಚಳ್ಳಕೆರೆಯ ಮಾತು. ಸ್ಟುಡಿಯೊದವರು ಬರೆದುಕೊಟ್ಟದ್ದು ಬೇರೆಯಂತೆ, ಇವಳ ಬಾಯಲ್ಲಿ ಹೀಗೆ ಬಂದದ್ದು ಅವರಿಗೂ ಹಿಡಿಸಿತಂತೆ. ಆಗ ಜ್ಯೋತಿ ಬಸುರಿ. ತನ್ನ ದನಿಗೆ ತಾನೇ ಬಿದ್ದು ಬಿದ್ದು ನಗುತ್ತಿದ್ದಳು. ನಾಗೇಂದ್ರಪ್ಪ ಟಿವಿ ನೋಡದೆ ಅವಳನ್ನೇ ನೋಡುತ್ತಿದ್ದ.

ಹೆಣ್ಣು ಮಗು ಹುಟ್ಟಿತು. ತೇಜಶ್ರೀ ಎಂದು ಹೆಸರಿಡಬೇಕು ಎಂದು ಜ್ಯೋತಿ ಮೊದಲೇ ಹೇಳಿದ್ದಳು. ಬಾಣಂತನದಲ್ಲಿ ಜ್ವರ ಬಂತು, ಇಳಿಯಲಿಲ್ಲ. ಹೆಸರಿಡುವ ಹೊತ್ತಿಗೆ ಅವಳಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗುವುದಿಲ್ಲ. ನನ್ನ ಗೆಳತಿ ಸತ್ತಳು, ನನ್ನ ಎದೆಯ ಒಂದು ಭಾಗ ಆವತ್ತೇ ಕಲ್ಲಾಯಿತು.

ಆಮೇಲೆ ಗೊತ್ತಾಯಿತು, ಅವಳ ದನಿ ಎಲ್ಲೂ ಉಳಿದಿಲ್ಲ ಅಂತ. ಅವಳ ಹತ್ತಿರ ಮೊಬೈಲ್ ಇರಲಿಲ್ಲ. ಮದುವೆಯ ವಿಡಿಯೊ ಇತ್ತು. ನಾಗೇಂದ್ರಪ್ಪ ಆಸೆಯಿಂದ ತಂದು ನಮ್ಮ ಮನೆಯಲ್ಲಿ ಹಾಕಿಸಿದ. ವಿಡಿಯೊದವನು ಮೊದಲಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿದ್ದ. ಜ್ಯೋತಿ ಕ್ಯಾಮೆರಾ ಕಡೆ ತಿರುಗಿ ಏನೋ ಹೇಳುತ್ತಾಳೆ, ನಗುತ್ತಾಳೆ, ಮತ್ತೆ ಏನೋ ಹೇಳುತ್ತಾಳೆ, ಮೇಲೆ ಯಾರೋ ಹಾಡುತ್ತಿದ್ದಾರೆ. ನಾಗೇಂದ್ರಪ್ಪ ಎದ್ದು ಹೋಗಿ ಟಿವಿಗೆ ಕಿವಿ ಹಚ್ಚಿ ನಿಂತ. ಆ ವಿಡಿಯೊದವನು ಸಿಕ್ಕಿದ್ದರೆ ನಾನು ಪೊರಕೆ ತೆಗೆದುಕೊಳ್ಳುತ್ತಿದ್ದೆ.

ಉಳಿದದ್ದು ಚಿಂಕಿ ಮಾತ್ರ. ಟಿವಿಯಲ್ಲಿ ಅದು ಮುಗಿದುಹೋಗಿತ್ತು, ಮತ್ತೆ ಹಾಕಲಿಲ್ಲ. ಕಾಮಣ್ಣನೂ ಮರುವರ್ಷ ತೀರಿಕೊಂಡ. ನಾಗೇಂದ್ರಪ್ಪ ವಿಳಾಸ ಹುಡುಕಿಕೊಂಡು ಬೆಂಗಳೂರಿಗೆ ಹೋದರೆ, ಸ್ಟುಡಿಯೊ ಇದ್ದ ಜಾಗದಲ್ಲಿ ಟೈರಿನ ಅಂಗಡಿ ಇತ್ತು. ಅಲ್ಲಿಯವರಿಗೆ ಅಳಿಲೂ ಗೊತ್ತಿಲ್ಲ, ಸ್ಟುಡಿಯೊವೂ ಗೊತ್ತಿಲ್ಲ.

ತೇಜಶ್ರೀ ಅಂಬೆಗಾಲು ಬಿಟ್ಟು ನಡೆಯುವ ಹೊತ್ತಿಗೆ, ಚಳ್ಳಕೆರೆಯ ಬಸ್ ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಸಿ.ಡಿ. ಮಾರುವ ಮಲ್ಲಿಕ್‌ನ ಗಾಡಿಯ ಮೇಲೆ ನಾಗೇಂದ್ರಪ್ಪನಿಗೆ ಚಿಂಕಿ ಕಂಡಿತು. ದಾರದಲ್ಲಿ ನೇತುಹಾಕಿದ ತೆಳು ಕವರು, ಮೇಲೆ ಅದೇ ಅಳಿಲು, ಕೆಳಗೆ ಕನ್ನಡದಲ್ಲಿ ‘ತೋಪಿನ ಚಿಂಕಿ, ಭಾಗ ಒಂದು’. ಅವನು ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಟಿವಿಯೇ ಇಲ್ಲದ ಮನೆ. ಯಾರಿಂದಲೋ ಒಂದು ಹಳೆಯ ಡಬ್ಬಿ ಟಿವಿ, ಒಂದು ಸಿ.ಡಿ. ಪ್ಲೇಯರ್ ಹೊಂದಿಸಿದ. ಅವುಗಳನ್ನು ಜೋಡಿಸಿದ ದಿನ ನಾನೂ ಅಲ್ಲೇ ಇದ್ದೆ.

ಪ್ಲೇಯರ್‌ನಿಂದ ಮೂರು ವೈರು ಬರುತ್ತಿದ್ದವು, ಹಳದಿ, ಕೆಂಪು, ಬಿಳಿ. ಟಿವಿಯ ಹಿಂದೆ ಇದ್ದದ್ದು ಎರಡೇ ತೂತು, ಚಿತ್ರಕ್ಕೊಂದು, ಸದ್ದಿಗೊಂದು. ಹಳದಿ ಚಿತ್ರದ ತೂತಿಗೆ ಹೋಯಿತು. ಕೆಂಪು, ಬಿಳಿ ಎರಡೂ ಸದ್ದಿನವೇ, ಯಾವುದು ಹಾಕಿದರೂ ನಡೆಯುತ್ತದೆ ಎಂದು ಟಿವಿ ಕೊಟ್ಟವನು ಹೇಳಿದ್ದ. ನಾಗೇಂದ್ರಪ್ಪ ಬಿಳಿಯದನ್ನು ಹಿಡಿದಿದ್ದ. ಯರ್ರಮ್ಮ ಮೊಮ್ಮಗಳನ್ನು ಸೊಂಟದಲ್ಲಿ ಇಟ್ಟುಕೊಂಡು ನೋಡುತ್ತಿದ್ದವಳು, "ಬಿಳೀದು ಬ್ಯಾಡಪ್ಪ. ಸಾವಾದ ಮನಿ. ಅರಿಶಿಣ ಕುಂಕುಮದಂಗೆ ಹಳದೀದೂ ಕೆಂಪೂ ಹಾಕು" ಅಂದಳು. ನಮ್ಮಲ್ಲಿ ಸೀರೆಯ ಬಣ್ಣಕ್ಕೂ ಇದೇ ಲೆಕ್ಕ. ಶುಭಕ್ಕೆ ನೇಯುವ ಸೀರೆಗೆ ಬರೀ ಬಿಳಿ ಹಾಸು ಹಾಕುವವರು ಯಾರೂ ಇಲ್ಲ. ಅವನು ಕೆಂಪು ಚುಚ್ಚಿದ. ಬಿಳಿ ವೈರನ್ನು ಸುರುಳಿ ಸುತ್ತಿ ಟಿವಿಯ ಹಿಂದೆ ಬಿಟ್ಟ.

ಅಳಿಲು ಬಂತು, ಕೊಂಬೆ ಬಂತು. ನಾವು ಉಸಿರು ಬಿಗಿಹಿಡಿದು ಕೂತೆವು. ಅಳಿಲು ಬಾಯಿ ತೆರೆದು "ಪದಂಡ್ರಾ ಪೋದಾಂ!" ಅಂದಿತು. ಅದೇ ಮಾತು, ತೆಲುಗಿನಲ್ಲಿ! ಯಾವಳೋ ಹುಡುಗಿಯ ದನಿ, ಸಿಹಿಯಾಗಿಯೇ ಇತ್ತು. ಆದರೆ ಜ್ಯೋತಿ ಅಲ್ಲ. ನಾಗೇಂದ್ರಪ್ಪ ಡಿಸ್ಕ್ ತೆಗೆದು ಒರೆಸಿ ಮತ್ತೆ ಹಾಕಿದ. ಒರೆಸಿದರೆ ಭಾಷೆ ಬದಲಾಗುತ್ತದೆಯೇ?

ಮಾರನೆಯ ದಿನವೇ ಚಳ್ಳಕೆರೆಗೆ ಓಡಿದ. ಮಲ್ಲಿಕ್ ಬೇರೆ ಡಿಸ್ಕ್ ಕೊಟ್ಟ. ಅದೂ ತೆಲುಗೇ. ಮೂರನೆಯ ಸಲ ನಾನೇ ಜೊತೆಗೆ ಹೋಗಿ ಜಗಳ ತೆಗೆದೆ. "ಅಕ್ಕಾ, ನನ್ನ ಮೇಲೆ ಯಾಕೆ ಗುಸ್ಸಾ? ಮಾಲೇ ಹಂಗೆ ಬಂದೈತೆ. ಕವರು ನಿಮ್ದು, ಒಳಗಿಂದು ಆಂಧ್ರದ್ದು" ಅಂದ ಮಲ್ಲಿಕ್. ಅವನ ಗಾಡಿಯಲ್ಲಿ ಹಾಕಿ ನೋಡಲು ಟಿವಿ ಇರಲಿಲ್ಲ. ನಮಗೂ ಅವನ ಮಾತು ವಿಚಿತ್ರ ಅನ್ನಿಸಲಿಲ್ಲ. ಗಡಿಯ ಊರಿನವರು ನಾವು. ಬಿಸ್ಕತ್ತಿನ ಪೊಟ್ಟಣ, ಗೋಡೆಯ ಪೋಸ್ಟರು, ಔಷಧಿಯ ಚೀಟಿ, ಅರ್ಧಕ್ಕರ್ಧ ತೆಲುಗಿನಲ್ಲೇ ಇರುತ್ತವೆ. ಗಡಿಯಾಚೆಯ ರಾಯದುರ್ಗಕ್ಕೆ ಹೋಗಬೇಕಾದ ಪೆಟ್ಟಿಗೆ ನಮಗೆ ಬಂದಿದೆ, ನಮ್ಮದು ಅಲ್ಲಿಗೆ ಹೋಗಿದೆ ಅಂದುಕೊಂಡೆವು. ಬೇರೆ ಊರಿನವರಾಗಿದ್ದರೆ ಇದೇನಿದು ಎಂದು ಕೆದಕುತ್ತಿದ್ದರೋ ಏನೋ.

ಆ ಡಿಸ್ಕ್ ಮನೆಯಲ್ಲೇ ಉಳಿಯಿತು. ಒಂದು ಮಧ್ಯಾಹ್ನ ತೇಜಶ್ರೀ ಅವ್ವ ಬೇಕು ಎಂದು ರಚ್ಚೆ ಹಿಡಿದಿತ್ತು. ಎದುರು ಮನೆಯ ಮಗು ತನ್ನ ಅವ್ವನನ್ನು ಕೂಗಿದ್ದನ್ನು ಕೇಳಿ ಇದಕ್ಕೂ ಬೇಕಾಗಿತ್ತು. ಯರ್ರಮ್ಮ ಏನೇನೋ ಮಾಡಿ ಸೋತು ಟಿವಿ ಹಾಕಿದಳು. ಅಳಿಲು ಮಾತಾಡಿದ ಕೂಡಲೇ, "ಅದಿಗೋ, ಮೀ ಅಮ್ಮ ಮಾಟ್ಲಾಡ್ತೋಂದಿ ಚೂಡು," ನೋಡು ನಿಮ್ಮಮ್ಮ ಮಾತಾಡ್ತಿದಾಳೆ, ಅಂದುಬಿಟ್ಟಳು. ಮಗು ಅಳು ನಿಲ್ಲಿಸಿತು. ಓಡಿ ಹೋಗಿ ಟಿವಿಯ ಗಾಜಿಗೆ ಕೆನ್ನೆ ಒತ್ತಿ ಕೂತಿತು. ಮಗ್ಗದಲ್ಲಿದ್ದ ನಾಗೇಂದ್ರಪ್ಪ ಕೇಳಿಸಿಕೊಂಡ. ಲಾಳಿ ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಓಡಿತು.

ನಾನು ಬಿಡಲಿಲ್ಲ. ಸಂಜೆ ಅವನ ಮನೆಗೆ ನುಗ್ಗಿ ಕೇಳಿದೆ. "ಯಾವಳದೋ ದನೀನ ಅವರವ್ವಂದು ಅಂತ ಮಗೀಗೆ ಹೇಳ್ಕೊಡ್ತೀರಲ್ಲ, ನಿಮಗೇನು ಬಂದೈತೆ? ನೆಟ್ಟಗೆ ತೆಲುಗು ಬರದೋಳು ಕಣಪ್ಪ ಜ್ಯೋತಿ!"

"ಗೊತ್ತಕ್ಕಾ" ಅಂದ ಅವನು. "ಸುಮ್ನಾತಲ್ಲ, ಅದಕ್ಕೆ ಬಾಯಿ ಬರ್ಲಿಲ್ಲ. ಕನ್ನಡದ್ದು ಸಿಗ್ಲಿ. ಸಿಕ್ಕಿದ ದಿನ ನಾನೇ ಹೇಳ್ತೀನಿ. ಇದು ಸುಳ್ಳು, ಇದು ನಿಮ್ಮವ್ವ ಅಂತ ಕೇಳಿಸ್ತೀನಿ."

ಅವನ ಜೀವನದಲ್ಲಿ ಅಲ್ಲಿಂದ ಮುಂದೆ ಮೂರೇ ಕೆಲಸ, ನೇಯುವುದು, ಮಗಳನ್ನು ಸಾಕುವುದು, ಆ ಡಿಸ್ಕ್ ಹುಡುಕುವುದು. ಇನ್ನೊಂದು ಮದುವೆಯ ಮಾತು ತಂದವರಿಗೆಲ್ಲಾ ತಲೆ ಅಲ್ಲಾಡಿಸಿದ. ಆ ತಲೆಯಾಟ ಮಾತ್ರ ಎಲ್ಲರಿಗೂ ಅರ್ಥವಾಯಿತು. ಸೀರೆ ಕೊಡಲು ಬಳ್ಳಾರಿಗೆ ಹೋದರೆ ಅಲ್ಲಿನ ಸಿ.ಡಿ. ಅಂಗಡಿ, ದಾವಣಗೆರೆಗೆ ಹೋದರೆ ಅಲ್ಲಿನದು, ರಾಯದುರ್ಗದಲ್ಲಂತೂ ಬೀದಿ ಬೀದಿ. ನಮ್ಮ ಪೆಟ್ಟಿಗೆ ಅಲ್ಲಿಗೆ ಹೋಗಿದೆ ಎಂಬುದು ತಲೆಯಲ್ಲಿ ಕೂತಿತ್ತಲ್ಲ. ಭಾಗ ಎರಡು ಬರುತ್ತದೆ ಎಂದು ಕೆಲವರು ಹೇಳಿದರು. ಬರಲಿಲ್ಲ. ಆ ಕಂಪನಿಯೇ ಮುಳುಗಿತು ಎಂದು ಒಬ್ಬರು ಹೇಳಿದರು. ಊರಿನ ಹುಡುಗರು ಅವನಿಗೆ ಕಾರ್ಟೂನ್ ನಾಗೇಂದ್ರ ಎಂದು ಹೆಸರಿಟ್ಟರು. ನಾನು ಅವರಿಗೆ ಬೈದೆ. ಅವನು ಬೈಯಲಿಲ್ಲ.

ವರ್ಷ ಕಳೆದ ಹಾಗೆ ಹುಡುಕಲು ಅಂಗಡಿಗಳೇ ಇಲ್ಲದಾದವು. ಸಿ.ಡಿ. ಅಂಗಡಿಗಳು ಮೊಬೈಲ್ ರೀಚಾರ್ಜ್ ಅಂಗಡಿಗಳಾದವು, ಆಮೇಲೆ ಅವೂ ಬೇರೆ ಏನೋ ಆದವು. ಮಲ್ಲಿಕ್ ಗಾಡಿಯಲ್ಲಿ ಮೊಬೈಲ್ ಕವರು ನೇತುಹಾಕಿದ. ಎಲ್ಲಾ ಮೊಬೈಲ್‌ನಲ್ಲಿ ಸಿಗುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತೇಜಶ್ರೀ ಎಷ್ಟೋ ಸಲ ಹುಡುಕಿದಳು. ಸಿಕ್ಕಿದ್ದು ಯಾರೋ ಹಾಕಿದ ಹಿಂದಿಯ ಶೀರ್ಷಿಕೆ ಹಾಡು, ಅದೂ ಅರ್ಧ. ಕೋಟಿ ಕೋಟಿ ಜನರ ಕುಣಿತ, ಅಡುಗೆ, ಜಗಳ ಎಲ್ಲಾ ಅದರಲ್ಲಿದೆ. ನಮ್ಮ ಜ್ಯೋತಿಯ ಒಂದು ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ಇತ್ತ ಹುಡುಗಿ ಬೆಳೆಯಿತು. ಅಜ್ಜಿಯ ತೆಲುಗು ಅದಕ್ಕೆ ನೀರು ಕುಡಿದಷ್ಟು ಸಲೀಸು. ಆ ತೆಲುಗು ಅಳಿಲು ಅದರ ಪಾಲಿಗೆ ತಾಯಿಯಾಯಿತು. ಇದನ್ನು ನಾನು ಉತ್ಪ್ರೇಕ್ಷೆ ಮಾಡಿ ಹೇಳುತ್ತಿಲ್ಲ. ಪರೀಕ್ಷೆಗೆ ಹೋಗುವ ಮುಂಚೆ ಟಿವಿ ಹಾಕಿ "ಪದಂಡ್ರಾ ಪೋದಾಂ" ಕೇಳಿಸಿಕೊಂಡೇ ಹೋಗುತ್ತಿದ್ದಳು. ದೊಡ್ಡವಳಾದಾಗ ಹೆದರಿ ಅಳುತ್ತಾ ಅದರ ಮುಂದೆಯೇ ಕೂತಿದ್ದಳು. ಯರ್ರಮ್ಮ ತೀರಿಕೊಂಡ ದಿನವೂ ಅಷ್ಟೇ. ಅವಳ ನಗು, ಮಾತಿನ ಏರಿಳಿತ ಕೂಡ ಆ ಅಳಿಲಿನ ಹಾಗೆಯೇ ಆಗಿತ್ತು. ಒಮ್ಮೊಮ್ಮೆ ನಾನು ನಾಗೇಂದ್ರಪ್ಪನ ಮುಖ ನೋಡುತ್ತಿದ್ದೆ. ಅವನು ಎಳೆ ಸರಿಮಾಡುವವನಂತೆ ಬಗ್ಗಿಬಿಡುತ್ತಿದ್ದ. ಹೇಳಬೇಕಾದದ್ದು ದಿನದಿಂದ ದಿನಕ್ಕೆ ಭಾರವಾಗುತ್ತಿತ್ತು, ಅವನ ಹತ್ತಿರ ಕೇಳಿಸಲು ಏನೂ ಇರಲಿಲ್ಲ.

ಹೋದ ವರ್ಷ ತೇಜಶ್ರೀಗೆ ದಾವಣಗೆರೆಯಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಹಾಸ್ಟೆಲ್ ಸೇರಬೇಕು. ಹಳೆಯ ಪ್ಲೇಯರ್ ಕೆಮ್ಮಿ ಕೆಮ್ಮಿ ನಿಲ್ಲುವ ಹಾಗಾಗಿತ್ತು, ಡಿಸ್ಕ್ ಮೇಲೆ ಗೀರುಗಳು. "ಅಪ್ಪಾ, ಅವ್ವನ್ನ ಮೊಬೈಲ್‌ಗೆ ಹಾಕಿಸ್ಕೊಡು, ಇಲ್ಲಾಂದ್ರೆ ನಾನು ಹೋಗಲ್ಲ" ಅಂದಳು ಮಗಳು. ಚಳ್ಳಕೆರೆಯಲ್ಲಿ ವೀರೇಶ ಎಂಬವನು ಹಳೆಯ ಮದುವೆ ಕ್ಯಾಸೆಟ್‌ಗಳನ್ನೆಲ್ಲಾ ಕಂಪ್ಯೂಟರ್‌ಗೆ ಇಳಿಸಿಕೊಡುತ್ತಾನೆ ಎಂದು ಯಾರೋ ಹೇಳಿದ್ದರು. ನನಗೂ ಕುಚ್ಚಿನ ದಾರ ತರಬೇಕಿತ್ತು. ಮೂವರೂ ಬೆಳಗಿನ ಬಸ್ಸು ಹತ್ತಿದೆವು.

ವೀರೇಶನ ಅಂಗಡಿ ಚಿಕ್ಕದು. ತೇಜಶ್ರೀ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ನಮ್ಮವ್ವನ ದನಿ ಐತೆ ಅಣ್ಣಾ ಇದ್ರಾಗೆ. ಹುಷಾರು." ಅವನು ಒರೆಸಿ, ಹಾಕಿ, ತೆಗೆದು, ಇನ್ನೊಂದು ಮಷಿನ್‌ಗೆ ಹಾಕಿ, ಬಹಳ ಹೊತ್ತಿನ ಮೇಲೆ ಬಂತು ಅಂದ. ಗಿರಾಕಿಗಳ ಗಲಾಟೆಯಲ್ಲಿ ಸದ್ದು ಸರಿಯಾಗಿ ಕೇಳದೆಂದು ವೈರಿನ ಇಯರ್‌ಫೋನ್ ಕೊಟ್ಟು, ಸರಿ ಇದೆಯಾ ನೋಡಿಕೊಳ್ಳಿ ಅಂದು ಆ ಕಡೆ ತಿರುಗಿದ. ಅಪ್ಪ ಮಗಳು ಒಂದೇ ಸ್ಟೂಲಿನ ಮೇಲೆ ಒತ್ತಿಕೊಂಡು ಕೂತು, ಅವಳೊಂದು ತುದಿ, ಅವನೊಂದು ತುದಿ ಕಿವಿಗೆ ಇಟ್ಟುಕೊಂಡರು.

ತೇಜಶ್ರೀಯ ಮುಖ ಅರಳಿತು. "ಅಪ್ಪಾ, ಅವ್ವ! ಎಷ್ಟು ಚೆನ್ನಾಗಿ ಕೇಳ್ತೈತೆ!" ಎಂದು ಅವನ ಕೈ ಹಿಡಿದುಕೊಂಡಳು.

ನಾಗೇಂದ್ರಪ್ಪ ಅಲುಗಲಿಲ್ಲ. ಅವನ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಮುಖದ ಬಣ್ಣವೇ ಹೋಗಿತ್ತು. ಏನಾಯಿತೋ ಎಂದು ನಾನು ಹತ್ತಿರ ಹೋದೆ. ಅವನು ತನ್ನ ಕಿವಿಯದನ್ನು ತೆಗೆದು ನನ್ನ ಕಿವಿಗೆ ಇಟ್ಟ.

"ನಡೀರ್ಲೇ ಹೋಗಾನ!"

ಜ್ಯೋತಿ. ನನ್ನ ಜ್ಯೋತಿ. ಬೆಲ್ಲ ತರಲು ನನ್ನ ಗಂಡನನ್ನು ಓಡಿಸಿದ ಅದೇ ಗಂಟಲು, ಮಾತಿನ ಕೊನೆಗೆ ಸಣ್ಣಗೆ ಸೀಳುವ ಅದೇ ನಗು. ವೀರೇಶನ ಮೇಜು ಹಿಡಿದುಕೊಂಡೆ. ಇತ್ತ ಕಿವಿಯಲ್ಲಿ ಅವಳು ಕನ್ನಡ ಮಾತಾಡುತ್ತಿದ್ದಾಳೆ, ಅತ್ತ ಕಿವಿಯಲ್ಲಿ ಅವಳ ಮಗಳು ಯಾರದೋ ತೆಲುಗು ಕೇಳಿ ನಗುತ್ತಿದ್ದಾಳೆ.

ಗಿರಾಕಿಯನ್ನು ಕಳಿಸಿ ಬಂದ ವೀರೇಶ ಸಲೀಸಾಗಿ ಹೇಳಿದ. "ಎಡಗಡೆ ಕನ್ನಡ, ಬಲಗಡೆ ತೆಲುಗು ಐತೆ ನೋಡ್ರಿ. ಆಗೆಲ್ಲಾ ಒಂದೇ ಡಿಸ್ಕ್‌ನಾಗೆ ಎರಡು ಭಾಷೆ ತುಂಬ್ತಿದ್ರು. ಬಿಳಿ ವೈರು ಹಾಕಿದ್ರೆ ಕನ್ನಡ, ಕೆಂಪು ಹಾಕಿದ್ರೆ ತೆಲುಗು. ನೀವು ಒಂದೇ ಹಾಕಿದ್ರೇನೋ."

ಬಳ್ಳಾರಿ, ರಾಯದುರ್ಗ, ದಾವಣಗೆರೆ, ಬೆಂಗಳೂರು ಸುತ್ತಿದ ಮನುಷ್ಯ. ಅವಳು ಅವನ ಮನೆಯಲ್ಲೇ ಇದ್ದಳು. ಅರಿಶಿಣ ಕುಂಕುಮದ ಲೆಕ್ಕದಲ್ಲಿ ನಾವೇ ಅವಳ ಬಾಯಿ ಮುಚ್ಚಿದ್ದೆವು. ಕೆಂಪು ತೆಗೆದು ಬಿಳಿ ಚುಚ್ಚಲು ಎಷ್ಟು ಹೊತ್ತು ಬೇಕಿತ್ತು!

"ಕನ್ನಡದ್ದೂ ಐತಾ? ಕೊಡು ದೊಡ್ಡವ್ವ, ನಾನೂ ಕೇಳ್ತೀನಿ" ಎಂದು ತೇಜಶ್ರೀ ನನ್ನ ಕಿವಿಯದನ್ನು ತೆಗೆದುಕೊಂಡಳು. ನಾಗೇಂದ್ರಪ್ಪ ಅವಳನ್ನೇ ನೋಡುತ್ತಾ ನಿಂತ. ಹೇಳುತ್ತಾನೆ, ಈಗ ಹೇಳುತ್ತಾನೆ ಅಂದುಕೊಂಡೆ. ಅವನ ತುಟಿ ಅಲುಗಿದ್ದನ್ನು ನಾನು ಕಂಡಿದ್ದೇನೆ. ಆ ಹುಡುಗಿ ಕೇಳಿದಳು. ಹುಬ್ಬು ಗಂಟಿಕ್ಕಿದಳು. ಸ್ವಲ್ಪ ಹೊತ್ತು ಬಿಟ್ಟು, ತನ್ನ ಊಟದ ತಟ್ಟೆಯಲ್ಲಿ ಬೇರೆಯವರು ಕೈಯಿಟ್ಟ ಹಾಗೆ ಮುಖ ಮಾಡಿ, ಅಪ್ಪನ ಕಡೆ ತಿರುಗಿದಳು.

"ಇದ್ಯಾರಪ್ಪಾ? ಅವ್ವನ ಜಾಗದಾಗೆ ಯಾರೋ ಮಾತಾಡ್ತಾಳೆ."

ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ನಾಗೇಂದ್ರಪ್ಪ ಒಂದು ಸಲ ನನ್ನ ಕಡೆ ನೋಡಿದ. ಹೇಳಬೇಡ ಎಂದು ಆ ಕಣ್ಣುಗಳು ಕೇಳಿಕೊಂಡವು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟ.

"ಗೊತ್ತಿಲ್ಲ ಕಣವ್ವ. ಯಾರೋ ಬೆಂಗ್ಳೂರೋಳು."

ಎರಡೂ ದನಿ ಒಟ್ಟಿಗೆ ಮೊಬೈಲ್‌ನಲ್ಲಿ ಹಾಕಿದರೆ ಸಂತೆಯಾಗುತ್ತದೆ, ಯಾವುದಾದರೂ ಒಂದು ಇಡುತ್ತೇನೆ, ಯಾವುದಿಡಲಿ ಎಂದು ವೀರೇಶ ಕೇಳಿದ. "ತೆಲುಗುದೇ ಅಣ್ಣಾ" ಅಂದಳು ತೇಜಶ್ರೀ. ವೀರೇಶ ಅವಳಪ್ಪನ ಮುಖ ನೋಡಿದ. ನಾಗೇಂದ್ರಪ್ಪ ತಲೆ ಅಲ್ಲಾಡಿಸಿದ. ಈ ಸಲ ಅದು ಹೌದು ಎಂದೇ ಇತ್ತು. ಗುಂಡಿ ಒತ್ತಿದ ಸದ್ದು ಬಂತು. ಡಿಸ್ಕ್ ಪೂರಾ ಸವೆದಿದೆ, ಇನ್ನೊಂದು ಸಲ ಓದುವುದು ಅನುಮಾನ, ಬೇಕಾದರೆ ಕನ್ನಡದ್ದನ್ನೂ ಬೇರೆಯಾಗಿ ಇಳಿಸಿಕೊಡಲಾ ಎಂದು ವೀರೇಶ ಮತ್ತೆ ಕೇಳಿದ. ನಾಗೇಂದ್ರಪ್ಪ ಬೇಡ ಅಂದ.

ಬಸ್ ಸ್ಟ್ಯಾಂಡಿನಲ್ಲಿ ತೇಜಶ್ರೀ ಮಂಡಕ್ಕಿ ತರಲು ಹೋದಾಗ ನಾನು ಅವನ ಮೇಲೆ ಹರಿಹಾಯ್ದೆ. ಅಳುತ್ತಲೇ ಬೈದೆ. "ನಿನ್ನ ಬಾಯಿಗೆ ಮಣ್ಣು ಹಾಕ! ಇಷ್ಟು ವರ್ಷ ಹುಡುಕಿದ್ದು ಇದಕ್ಕಾ? ಸಿಕ್ಕಿದ ದಿನ ಹೇಳ್ತೀನಿ ಅಂದಿದ್ದೆ. ಎದುರಿಗೆ ಬಂದು ಮಾತಾಡಿದೋಳ್ನ ಯಾರೋ ಬೆಂಗ್ಳೂರೋಳು ಅಂದ್ಯಲ್ಲೋ!"

ಆಗ ಆಡಿದಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದು ನಾನು ಮತ್ತೆಂದೂ ಕೇಳಿಲ್ಲ. "ಅಕ್ಕಾ, ಹುಟ್ಟಿದಾಗ ಒಂದು ಸಲ ಅವ್ವನ್ನ ಕಳ್ಕಂಡೈತೆ ಅದು. ಈಗ ನಾನೇ ಇನ್ನೊಂದು ಸಲ ಕಿತ್ಕಳ್ಲಾ? ಜ್ವರ ಬಂದ್ರೆ, ಅಜ್ಜಿ ಸತ್ರೆ, ಅಂಜಿಕೆ ಆದ್ರೆ ಆ ದನಿ ಮುಂದೆ ಕುಂತ್ಕಂಡೈತೆ. ಅದು ಯಾರೋ, ಇದು ನಿಮ್ಮವ್ವ ಅಂದ್ರೆ ಅದಕ್ಕೆ ಎರಡೂ ಇರಲ್ಲ."

"ಹಂಗಾದ್ರೆ ನಿನಗಾದ್ರೂ ಇಟ್ಕಬಾರ್ದಾ? ವಾಪಸ್ ಹೋಗಾನ ನಡಿ, ಇಳಿಸ್ಕೊಡ್ತಾನೆ."

"ಮಗಳಿಗೆ ಯಾರೋ ಅಂತ ಹೇಳಿ, ನಾನು ಮೂಲೇಲಿ ಕದ್ದು ಕೇಳ್ಲಾ?" ಅಂದ. "ಬ್ಯಾಡ ಬಿಡಕ್ಕಾ. ಒಂದು ಸಲ ಕೇಳ್ದೆ."

ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವನು ಮಾಡಿದ್ದು ಸರಿ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ನನ್ನ ಗೆಳತಿಗೆ ಅನ್ಯಾಯವಾಯಿತು. ಆದರೆ ಆ ಹುಡುಗಿಗೆ ನಾನೂ ಹೇಳಲಾರೆ.

ಬಸ್ಸು ಬಂತು. ತೇಜಶ್ರೀ ಅಪ್ಪನ ಪಕ್ಕ ಕಿಟಕಿಯ ಹತ್ತಿರ ಕೂತಳು, ನಾನು ಹಿಂದಿನ ಸೀಟಿನಲ್ಲಿ. ಮೊಬೈಲ್ ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದವಳು ಏನೋ ನೆನೆಸಿಕೊಂಡು ಕಿವಿಯದನ್ನು ತೆಗೆದಳು. ಒಳ್ಳೆಯ ಹುಡುಗಿ ಅದು, ಯಾರ ಮೇಲೂ ಮುನಿಸು ಇಟ್ಟುಕೊಳ್ಳುವುದಿಲ್ಲ.

"ಅಪ್ಪಾ, ಪಾಪ, ಆ ಬೆಂಗ್ಳೂರೋಳೂ ಚೆನ್ನಾಗೇ ಮಾತಾಡ್ಯಾಳೆ. ಆದ್ರೆ ಅವ್ವನಷ್ಟಿಲ್ಲ, ಅಲ್ವಾ?"

"ಹೂಂ ಕಣವ್ವ" ಅಂದ ನಾಗೇಂದ್ರಪ್ಪ. "ನಿಮ್ಮವ್ವನಷ್ಟಿಲ್ಲ."